ನಾನು ಕೊಕ್ಕರೆಗಳ ಸೋಲಿಗೆ ಕೂಗಿದ ದಿನ

ಸೇಡನ್ನು ಇಪ್ಪತ್ತಾರು ವರ್ಷ ಬೂಸಲು ಹಿಡಿಯದಂತೆ ಇಡುವ ವಿದ್ಯೆ ಮಿಸಿಸಿಪ್ಪಿ ನದಿಯ ಎರಡೂ ದಡಗಳಲ್ಲಿ ನನ್ನೊಬ್ಬನಿಗೇ ಗೊತ್ತು. ನನ್ನ ಹೆಂಡತಿ ವಿಲ್ಮಾ ಹಾಕುವ ಸೌತೆಕಾಯಿ ಉಪ್ಪಿನಕಾಯಿ ಎರಡು ಚಳಿಗಾಲ ದಾಟುವುದಿಲ್ಲ. ನನ್ನ ಸೇಡು ಇಪ್ಪತ್ತಾರು ದಾಟಿತು; ಮುಚ್ಚಳ ತೆಗೆದಾಗ ಮೊದಲ ದಿನದಷ್ಟೇ ಖಾರವಾಗಿ ಮೂಗಿಗೆ ಹೊಡೆಯಿತು.

ನಮ್ಮೂರು ಕೀಲರ್, ನದಿಯ ಪಡುವಣ ದಡದಲ್ಲಿದೆ. ಮೂಡಣ ದಡದಲ್ಲಿರುವುದನ್ನು ಊರೆಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ನಕಾಶೆಯಲ್ಲಿ ಅದಕ್ಕೆ ಅಡೇರ್ ಎಂದು ಬರೆದಿದ್ದಾರೆ. ನಡುವೆ ಒಂದು ಕಬ್ಬಿಣದ ಸೇತುವೆ. ಅಲ್ಲಿ ನದಿ ಎಷ್ಟು ಅಗಲವೆಂದರೆ ಈ ದಡ ಬಿಟ್ಟ ಬಾತುಕೋಳಿ ಆ ದಡ ಮುಟ್ಟುವಷ್ಟರಲ್ಲಿ ಅಜ್ಜಿಯಾಗಿರುತ್ತದೆ. ನಮಗೊಂದು ಬೇಸ್‌ಬಾಲ್ ತಂಡವಿದೆ, ಕೊಕ್ಕರೆಗಳು. ಅವರಿಗೂ ಒಂದಿದೆ, ನೀರುನಾಯಿಗಳು. ಎರಡರಲ್ಲೂ ಸಂಬಳಕ್ಕೆ ಆಡುವ ಹುಡುಗರು. ಆ ಸಂಬಳದಲ್ಲಿ ಒಂದು ಬೆಕ್ಕನ್ನೂ ಸಾಕಲಾಗದು, ಆದರೂ ಸಂಬಳ ಸಂಬಳವೇ.

ಮಗುವಿಗೆ ನೀರು ಚಿಮುಕಿಸಿ ಹೆಸರಿಡುವುದು ಪಾದ್ರಿಯ ಕೆಲಸ. ಆ ಮಗು ಯಾವ ದಡಕ್ಕೆ ಸೇರಿದ್ದು ಎಂದು ತೀರ್ಮಾನವಾಗುವುದು ಮಾತ್ರ ಅದರ ಮೊದಲ ಆಟದ ದಿನ. ಯಾರು ಕೈಹಿಡಿದು ಕರೆದೊಯ್ಯುತ್ತಾರೋ ಅವರ ತಂಡವೇ ಮಗುವಿನ ತಂಡ, ಸಾಯುವ ತನಕ. ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ. ಬರೆದಿಟ್ಟ ಕಾನೂನನ್ನು ನಮ್ಮಲ್ಲಿ ಶೆರಿಫನೇ ಮುರಿಯುತ್ತಾನೆ. ಇದನ್ನು ಮುರಿದವರನ್ನು ನಾನು ಕಂಡಿಲ್ಲ.

೧೯೫೮ರಲ್ಲಿ ನನ್ನ ಮಗ ಡೀನ್‌ಗೆ ಆರು ವರ್ಷ. ಕೊಕ್ಕರೆಗಳ ಭಾನುವಾರದ ಆಟಕ್ಕೆ ಎರಡು ಟಿಕೀಟು ತಂದು ಅಡುಗೆಮನೆಯ ಕ್ಯಾಲೆಂಡರಿಗೆ ಚುಚ್ಚಿಟ್ಟಿದ್ದೆ. ಗುರುವಾರ ನಾನು ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಬೆವರು ಹರಿಸುತ್ತಿದ್ದಾಗ ನನ್ನ ಮನೆಗೆ ಒಬ್ಬ ಬಂದ. ಲಾಯ್ಡ್ ಬ್ರಾಂಟ್, ವಿಲ್ಮಾಳ ತಮ್ಮ. ಅಡೇರಿನಲ್ಲಿ ಮೊಳೆ, ಬೀಗ, ಬಣ್ಣ ಮಾರುವ ಅಂಗಡಿಯವನು. "ಹುಡುಗನ್ ತಲೆ ನೋಡಕ್ಕ, ಕುರಿ ಇದ್ದಂಗಿದೆ. ಕಟಿಂಗ್ ಮಾಡಿಸ್ಕೊಂಡ್ ಬರ್ತೀನಿ," ಎಂದನಂತೆ. ಸಂಜೆ ಡೀನ್ ಮನೆಗೆ ಬಂದಾಗ ಒಂದು ಕೂದಲೂ ಕತ್ತರಿಸಿರಲಿಲ್ಲ. ಆ ಕೂದಲಿನ ಮೇಲೆ ನೀರುನಾಯಿಗಳ ಹಸಿರು ಟೋಪಿ ಕೂತಿತ್ತು.

ಭಾನುವಾರ ನಾನು ಖಾಲಿ ಜಾಗದ ಪಕ್ಕ ಕೂತು ಆಟ ನೋಡಿದೆ. ಅಂದು ಸುರಿಸಿದ ಕಣ್ಣೀರಿಗೆ ನದಿ ಎರಡಡಿ ಏರಿತ್ತು. ಬೇಕಾದರೆ ಸರ್ಕಾರಿ ದಾಖಲೆ ನೋಡಿ. ಆಮೇಲೆ ಡೀನ್ ರಜೆ ಬಂದರೆ ಸೇತುವೆ ದಾಟುತ್ತಿದ್ದ. ಹದಿನೆಂಟಾದಾಗ ಲಾಯ್ಡನ ಅಂಗಡಿಯಲ್ಲೇ ಕೆಲಸಕ್ಕೆ ಸೇರಿದ. ಈಗ ಮನೆಯೂ ಅಲ್ಲೇ. ಕ್ರಿಸ್‌ಮಸ್ಸಿಗೆ ಬರುತ್ತಾನೆ, ಹವಾಮಾನದ ಬಗ್ಗೆ ಮಾತಾಡುತ್ತಾನೆ, ಹೋಗುತ್ತಾನೆ.

ಆ ಭಾನುವಾರವೇ ನಾನು ತೀರ್ಮಾನಿಸಿದೆ: ಓಟಿಸ್ ಕ್ರೆಬ್ಸ್ ಎಂಬ ನಾನು ಲಾಯ್ಡನಿಂದಲೂ ಒಂದು ಮೊದಲ ಆಟ ಕದಿಯುತ್ತೇನೆ.

ಲಾಯ್ಡನಿಗೆ ಇದ್ದದ್ದು ಒಬ್ಬಳೇ ಮಗಳು, ಲೋರ್ನಾ. ಅವಳು ಮೂರು ತಿಂಗಳ ಕೂಸಾಗಿದ್ದಾಗಲೇ ಹುಷಾರಿ ಪಕ್ಷಿ ಅವಳನ್ನು ಆಟಕ್ಕೆ ಕರೆದೊಯ್ದುಬಿಟ್ಟಿದ್ದ. ನಾನು ಕಾದೆ. ಲೋರ್ನಾಳಿಗೆ ಮಗಳು ಹುಟ್ಟಿದಳು, ಟ್ರೂಡಿ. ಆ ಹೊತ್ತಿಗೆ ಲಾಯ್ಡನಿಗೆ ವಯಸ್ಸಾಗಿ ಜಂಬ ಬಂದಿತ್ತು. ಮಗುವಿಗೆ ತಿಳಿವಳಿಕೆ ಬರಲಿ, ದೊಡ್ಡ ಸಂಭ್ರಮ ಮಾಡಿಯೇ ಕರೆದೊಯ್ಯುತ್ತೇನೆ ಎಂದು ಐದು ವರ್ಷ ತಡೆದ. ಆಗಸ್ಟಿನ ಮೊದಲ ಭಾನುವಾರಕ್ಕೆ ಅಡೇರಿನಲ್ಲಿ ಮುಂದಿನ ಸಾಲಿನ ಕುರ್ಚಿ ಹಿಡಿದು, ಎರಡು ಊರಿಗೂ ಕೇಳುವಂತೆ ಹೇಳಿಕೊಂಡು ತಿರುಗಿದ.

ಜುಲೈನಲ್ಲಿ ಅವನ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿತು. ಬೇಸ್‌ಬಾಲಿನಷ್ಟು ದೊಡ್ಡ ಕಲ್ಲು, ಹೊಲಿಗೆ ಸಮೇತ. ದೇವರೂ ಕೊಕ್ಕರೆಗಳ ಕಡೆಯವನೇ ಎಂದು ನನಗೆ ಅನುಮಾನವಿತ್ತು, ಅಂದು ಖಾತ್ರಿಯಾಯಿತು. ಬುಧವಾರ ಹೊಟ್ಟೆ ಕೊಯ್ದರು. ಶನಿವಾರ ಬೆಳಿಗ್ಗೆ ಲೋರ್ನಾ ಟ್ರೂಡಿಯನ್ನು ನಮ್ಮ ಮನೆಯಲ್ಲಿ ಬಿಟ್ಟು, "ಅಪ್ಪನ್ ಹತ್ರ ಇರ್ತೀನಿ ಅತ್ತೆ. ಐದು ಗಂಟೆಗೆ ಇವಳನ್ನ ಆಸ್ಪತ್ರೆಗೇ ಕರ್ಕೊಂಡ್ ಬನ್ನಿ," ಎಂದು ಹೋದಳು.

ಆ ಶನಿವಾರ ಮಧ್ಯಾಹ್ನ ಒಂದಕ್ಕೆ ಕೀಲರಿನಲ್ಲಿ ಆಟವಿತ್ತು. ಕೊಕ್ಕರೆಗಳ ಎದುರು ಸಾಕ್ಷಾತ್ ನೀರುನಾಯಿಗಳು. ಇದು ಸುಮ್ಮನೆ ಕೂಡಿಬರುವ ಮುಹೂರ್ತವಲ್ಲ.

"ಮಗೂನ ಕಟಿಂಗ್‌ಗೆ ಕರ್ಕೊಂಡ್ ಹೋಗ್ತೀನಿ," ಎಂದೆ ವಿಲ್ಮಾಳಿಗೆ.

ಅವಳು ಪ್ಯಾನ್‌ಕೇಕ್ ಮಗುಚುತ್ತಲೇ ನನ್ನ ತಲೆಯ ಮೇಲಿದ್ದ ಕೊಕ್ಕರೆ ಟೋಪಿ ನೋಡಿದಳು. "ಆ ಕಟಿಂಗ್‌ಗೆ ಟಿಕೀಟ್ ಎಷ್ಟು?"

"ಎರಡೂವರೆ ಡಾಲರ್."

"ಓಟಿಸ್, ಅವನು ಹೊಟ್ಟೆ ಕೊಯ್ಸ್ಕೊಂಡು ಮಲಗಿದಾನೆ."

"ನಾನೇನ್ ಕೊಯ್ದೆನಾ?"

"ಅವನು ನನ್ ತಮ್ಮ."

"ಡೀನ್ ನನ್ ಮಗ."

ಅವಳು ಬಾಣಲೆ ಕೆಳಗಿಟ್ಟಳು. ಮೆಟ್ಟಿಲ ಕಡೆ ತಿರುಗಿ, "ಪ್ಯಾನ್‌ಕೇಕ್ ಆರ್ತಿದೆ," ಎಂದು ಕೂಗಿದಳು. ಮಹಡಿಯ ಮೇಲೆ ಗುಡುಗಿದಂತಾಯಿತು. ಕೊಕ್ಕರೆಗಳ ಎತ್ತರದ ಬ್ಯಾಟುಗಾರ ಕಾರ್ಲ್‌ಟನ್ ಒಂದು ಕಾಲಿಗೆ ಮಾತ್ರ ಕಾಲುಚೀಲ ಹಾಕಿಕೊಂಡು ಇಳಿದುಬಂದ. ಹೊರಗಿನಿಂದ ಆಡಲು ಬರುವ ಹುಡುಗರನ್ನು ಊರಿನವರು ಒಬ್ಬೊಬ್ಬರು ಮನೆಯಲ್ಲಿಟ್ಟು ಸಾಕುವುದು ನಮ್ಮಲ್ಲಿ ನಡೆದುಬಂದದ್ದು. ನಮ್ಮ ಪಾಲಿಗೆ ಬಂದವನು ಕಾರ್ಲ್‌ಟನ್, ಟೆಕ್ಸಾಸಿನವನು, ಇಪ್ಪತ್ತು ವರ್ಷ. ಬೆಳಿಗ್ಗೆ ಹದಿನಾಲ್ಕು ಪ್ಯಾನ್‌ಕೇಕ್ ತಿನ್ನುತ್ತಿದ್ದ. ಎಣಿಸಿಯೇ ಹೇಳುತ್ತಿದ್ದೇನೆ, ನಲವತ್ತಕ್ಕೆ ಕಮ್ಮಿಯಿಲ್ಲ.

"ಇವತ್ ನೋಡಕ್ ಬರ್ತೀರಾ ಸರ್?" ಎಂದ ಬಾಯ್ತುಂಬ ತುಂಬಿಕೊಂಡು.

"ಬರ್ತೀವಿ ಮಗಾ. ಒಂದ್ ಹೋಮ್ ರನ್ ಹೊಡಿ, ಈ ಹುಡುಗಿಗೋಸ್ಕರ."

ಹನ್ನೆರಡೂವರೆಗೆ ನಾನು, ಟ್ರೂಡಿ ಎಡಗಡೆಯ ಮರದ ಹಲಗೆಗಳ ಮೇಲೆ ಕೂತಿದ್ದೆವು. ಅಲ್ಲಿ ನನಗೆ ನಲವತ್ತು ವರ್ಷದ ಜಾಗವಿದೆ. ಹಲಗೆಯಲ್ಲಿ ನನ್ನ ಆಕಾರದ ತಗ್ಗು ಬಿದ್ದಿದೆ, ಬೇರೆಯವರು ಕೂತರೆ ಅಲುಗಾಡುತ್ತಾರೆ. ಪಕ್ಕದಲ್ಲಿ ಗೆಳೆಯ ಬರ್ಟ್. ಟ್ರೂಡಿಯ ತಲೆಗೆ ಕೊಕ್ಕರೆಗಳ ಹೊಸ ನೀಲಿ ಟೋಪಿ, ಒಂದು ಕೈಗೆ ಸಾಸಿವೆ ಸುರಿದ ಹಾಟ್ ಡಾಗ್, ಇನ್ನೊಂದಕ್ಕೆ ಕಡಲೆಕಾಯಿ ಪೊಟ್ಟಣ. ಸೆಕೆ ಎಷ್ಟಿತ್ತೆಂದರೆ ಹಸಿ ಕಡಲೆಕಾಯಿ ಕೊಂಡರೂ ಜೇಬಿನಲ್ಲೇ ಹುರಿದುಕೊಳ್ಳುತ್ತಿತ್ತು.

"ಇಷ್ಟೊಂದ್ ಹುಲ್ಲು ಯಾರ್ ಕತ್ತರಿಸ್ತಾರೆ ಓಟಿಸಜ್ಜ?"

"ಅದಕ್ಕೇ ಅಂತ ಒಬ್ಬ ಇದಾನೆ. ಕತ್ತರಿಯಲ್ಲಿ ಒಂದೊಂದೇ ಕಡ್ಡಿ."

"ಆ ಅಣ್ಣ ಯಾಕೆ ಉಗೀತಾನೇ ಇದಾನೆ?"

"ಅವನಿಗೆ ಸಂಬಳ ಕೊಡೋದೇ ಅದಕ್ಕೆ."

ಅವಳು ಗಂಭೀರವಾಗಿ ತಲೆಯಾಡಿಸಿ, ಕಡಲೆ ಸಿಪ್ಪೆಯನ್ನು ಮುಂದಿನ ಸಾಲಿನವನ ಬೆನ್ನಿಗೆ ಉಗಿದಳು. ಇವಳು ನನ್ನವಳು ಎಂದು ಆಗಲೇ ಅನ್ನಿಸಿತು.

ಬರ್ಟ್ ಬಗ್ಗಿ ನೋಡಿದ. "ಯಾರೋ ಈ ಮಗು?"

"ಲಾಯ್ಡನ ಮೊಮ್ಮಗಳು. ಮೊದಲ್ನೇ ಆಟ."

ಬರ್ಟನ ಬಿಯರು ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಅವನು ಎದ್ದು, ಟೋಪಿ ತೆಗೆದು ಎದೆಗಿಟ್ಟುಕೊಂಡ. "ಓಟಿಸ್, ನೀನು ಕೆಟ್ಟ ಮನುಷ್ಯ. ಇವತ್ತಿನ್ ಬಿಯರು ನಂದು."

ಆಟ ಶುರುವಾಯಿತು. ನೀಲಿ ಪಟ್ಟೆ ಅಂಗಿಯವರು ನಾವು, ಬೂದು ಅಂಗಿಯವರು ಅವರು ಎಂದು ಟ್ರೂಡಿಗೆ ಹೇಳಿಕೊಟ್ಟೆ. ಇನ್ನೇನೂ ಹೇಳಿಕೊಡುವ ಅಗತ್ಯ ಬೀಳಲಿಲ್ಲ, ಯಾಕೆಂದರೆ ನಮ್ಮ ಎಸೆಗಾರ ಅಂದು ಚೆಂಡನ್ನು ಎಸೆಯುತ್ತಿರಲಿಲ್ಲ, ನೀರುನಾಯಿಗಳಿಗೆ ತಟ್ಟೆಯಲ್ಲಿಟ್ಟು ಬಡಿಸುತ್ತಿದ್ದ. ಅವರು ಹೊಡೆದ ಒಂದು ಚೆಂಡು ನದಿ ದಾಟಿ ಅಡೇರಿನಲ್ಲಿ ಬಿತ್ತು ಎಂದು ನಾನು ಈಗಲೂ ವಾದಿಸುತ್ತೇನೆ. ಐದನೆಯ ಇನ್ನಿಂಗ್ಸಿನಲ್ಲಿ ಅವರ ಸರದಿ ಮುಗಿದಾಗ ಎಂಟು, ಒಂದು. ಎಂಟು ಅವರದು. ಕಾರ್ಲ್‌ಟನ್ ಎರಡು ಸಲ ಬ್ಯಾಟು ಬೀಸಿ ಎರಡು ಸಲವೂ ಗಾಳಿಗೆ ಪೆಟ್ಟು ಮಾಡಿ ಹೋಗಿದ್ದ.

ನಾನು ಎದೆಗುಂದಲಿಲ್ಲ. ಸೋಲುವ ತಂಡವನ್ನು ಪ್ರೀತಿಸಲು ಕಲಿಸುವುದೇ ಗಟ್ಟಿ ಬುನಾದಿ. ಇಡೀ ಕೀಲರ್ ಹಾಗೆಯೇ ಬೆಳೆದದ್ದು.

ಆಗ ಪಡುವಣದಲ್ಲಿ ಮೋಡ ಎದ್ದಿತು. ಕಪ್ಪೆಂದರೆ ಅಂಥಿಂಥ ಕಪ್ಪಲ್ಲ. ಆ ಮೋಡವನ್ನು ಹಿಂಡಿ ಪಾದ್ರಿಗಳ ನಿಲುವಂಗಿಗೆ ಬಣ್ಣ ಹಾಕಬಹುದಿತ್ತು.

ಬರ್ಟ್ ನನ್ನ ತೊಡೆಗೆ ಹೊಡೆದ. "ಬಂತು ನೋಡೋ ಮಳೆ. ಬಚಾವಾದ್ವಿ."

ಸುತ್ತಲೂ ಹಲಗೆಗಳ ಮೇಲೆ ಜನ ಕಾಲು ಬಡಿಯತೊಡಗಿದರು. "ಮಳೆ, ಮಳೆ," ಎಂದು ಕೂಗಿದರು. ನಾನೂ ಅಭ್ಯಾಸಬಲದಿಂದ ನಾಲ್ಕು ಸಲ ಕೂಗಿದೆ. ಬೇಸ್‌ಬಾಲಿನ ನಿಯಮ ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು: ಸೋಲುತ್ತಿರುವ ಊರಿನ ತಂಡದ ಐದನೆಯ ಇನ್ನಿಂಗ್ಸ್ ಮುಗಿಯುವ ಮೊದಲು ಮಳೆ ಬಂದು ಆಟ ನಿಂತರೆ, ಆ ಆಟ ನಡೆದೇ ಇಲ್ಲ. ರನ್ನು, ಔಟು, ಹೆಸರು, ಎಲ್ಲವನ್ನೂ ಅಳಿಸಿಹಾಕುತ್ತಾರೆ. ಟಿಕೀಟಿನ ತುಂಡು ತೋರಿಸಿ ಇನ್ನೊಂದು ದಿನ ಪುಕ್ಕಟೆ ಬರಬಹುದು.

ನಡೆದೇ ಇಲ್ಲ.

ಐದನೆಯ ಕೂಗು ನನ್ನ ಗಂಟಲಲ್ಲೇ ಕೂತಿತು. ಆಟ ನಡೆದೇ ಇಲ್ಲವಾದರೆ ಟ್ರೂಡಿ ಆಟ ನೋಡಿಯೇ ಇಲ್ಲ. ೧೯೪೯ರಲ್ಲಿ ಶುಲ್ಟ್ಸ್ ಮನೆಯ ಹುಡುಗನಿಗೆ ಹೀಗೆಯೇ ಆಗಿತ್ತು. ನಾಲ್ಕನೆಯ ಇನ್ನಿಂಗ್ಸಿನಲ್ಲಿ ಮಳೆ ಹೊಯ್ಯಿತು. ಆ ಹುಡುಗ ಇನ್ನೂ ಯಾರ ಪಾಲಿಗೂ ಸೇರಿಲ್ಲ ಎಂದು ಎರಡೂ ದಡದವರು ಒಪ್ಪಿದರು. ಮರುವಾರ ಅವನ ಚಿಕ್ಕಪ್ಪ ಸೇತುವೆ ದಾಟಿಸಿಕೊಂಡು ಹೋದ. ಲಾಯ್ಡನಿಗೆ ಆ ಕತೆ ಗೊತ್ತಿಲ್ಲದೆ ಇರುತ್ತದೆಯೇ? ಆಗಸ್ಟಿನ ಮೊದಲ ಭಾನುವಾರ ಅವನು ಟ್ರೂಡಿಯ ಕೈಹಿಡಿದು ಮುಂದಿನ ಸಾಲಿಗೆ ನಡೆಯುವುದು ನನ್ನ ಕಣ್ಣಿಗೆ ಕಟ್ಟಿತು. ಇಪ್ಪತ್ತಾರು ವರ್ಷದ ಸೇಡು ಒಂದು ಬಕೆಟು ನೀರಿಗೆ ತೊಳೆದುಹೋಗುವುದರಲ್ಲಿತ್ತು.

ಇನ್ನಿಂಗ್ಸ್ ಮುಗಿಯಲು ಬೇಕಾದದ್ದು ಮೂರು ಔಟು. ಕೊಕ್ಕರೆಗಳ ಮೂರು ಔಟು. ಮಳೆಗಿಂತ ಮೊದಲು.

ಆದರೆ ನಮ್ಮ ಮುದಿ ತರಬೇತುದಾರನೂ ಆಕಾಶ ನೋಡಿದ್ದ. ಸೋಲುವವನು ಮೋಡ ಕಂಡರೆ ಏನು ಮಾಡಬೇಕೋ ಅದನ್ನೇ ಮಾಡಿದ. ಕಣ್ಣಲ್ಲಿ ಏನೋ ಬಿದ್ದಿದೆ ನೋಡಿ ಎಂದು ಅಂಪೈರಿನ ಹತ್ತಿರ ಹೋಗಿ ಎರಡು ನಿಮಿಷ ಕಣ್ಣು ಬಿಡಿಸಿಕೊಂಡು ನಿಂತ. ನಮ್ಮ ಮೊದಲ ಬ್ಯಾಟುಗಾರ ಬಂದು ಬೂಟಿನ ದಾರ ಬಿಚ್ಚಿದ, ಕಟ್ಟಿದ. ಇನ್ನೊಂದು ಬೂಟಿನದನ್ನೂ ಬಿಚ್ಚಿದ. ಜನ ಅವನನ್ನು ಹೋಮ್ ರನ್ ಹೊಡೆದವನಂತೆ ಹುರಿದುಂಬಿಸಿದರು.

"ಏಯ್, ಮದುವೆಗೆ ಹೊರಟಿದೀಯೇನೋ? ಆಡೋ," ಎಂದು ಕೂಗಿದೆ. ನನ್ನ ಕೂಗೆಂದರೆ, ಕಾರ್ಖಾನೆಯ ಸೈರನ್ ಕೆಟ್ಟ ದಿನ ಪಾಳಿ ಬದಲಿಸುತ್ತಿದ್ದದ್ದೇ ಅದು.

ಬರ್ಟ್ ನಕ್ಕ. ತಮಾಷೆ ಎಂದುಕೊಂಡ.

ಆ ಬೂಟಿನವನು ಹನ್ನೊಂದು ಚೆಂಡನ್ನು ರನ್ನೂ ಸಿಗದ, ಔಟೂ ಆಗದ ಪಕ್ಕದ ಗೆರೆಯಾಚೆ ಹೊಡೆದು, ಹನ್ನೆರಡನೆಯದನ್ನು ಒಳಗೆ ಹೊಡೆದು ಬೇಸಿಗೆ ಓಡಿದ. ಎರಡನೆಯವನು ಮೂರು ಸಲ ಬ್ಯಾಟು ಬದಲಿಸಿ, ಎಸೆಗಾರನಿಂದ ನಾಲ್ಕು ಕೆಟ್ಟ ಎಸೆತ ಗಿಟ್ಟಿಸಿಕೊಂಡು ಮೊದಲ ಬೇಸಿಗೆ ಪುಕ್ಕಟೆ ನಡೆದ. ಆ ನಡಿಗೆ ಶವಯಾತ್ರೆಗಿಂತ ನಿಧಾನವಾಗಿತ್ತು. ಮೂರನೆಯವನ ಚೆಂಡು ನೆಟ್ಟಗೆ ಮೇಲೆ ಹೋಗಿ ನೀರುನಾಯಿಯೊಬ್ಬನ ಕೈಗೆ ಬಿತ್ತು.

"ಔಟ್," ಎಂದು ನಾನು ಹಾರಿ ನಿಂತೆ. "ಭಲೇ. ಒಂದು."

ಎಡಗಡೆಯ ಹಲಗೆಗಳೆಲ್ಲ ನನ್ನ ಕಡೆ ತಿರುಗಿದವು.

"ಓಟಿಸ್," ಎಂದ ಬರ್ಟ್ ಮೆಲ್ಲಗೆ, "ಬಿಸಿಲು ತಲೆಗೆ ಹೊಡೀತಾ?"

"ಐದ್ ಇನ್ನಿಂಗ್ಸ್ ಮುಗೀಬೇಕು ಕಣೋ. ಮಗೂದು ಮೊದಲ್ನೇ ಆಟ. ಲೆಕ್ಕಕ್ ಬರಬೇಕಲ್ಲ."

"ಅದಕ್ಕೆ ನಮ್ಮೋರು ಸೋಲ್ಬೇಕಾ?"

"ಇವತ್ ಒಂದಿನ."

ಬರ್ಟ್ ಎದ್ದು, ನನಗೆಂದು ತಂದಿದ್ದ ಬಿಯರನ್ನೂ ಕೈಗೆತ್ತಿಕೊಂಡು, ಮೂರು ಸಾಲು ಕೆಳಗೆ ಹೋಗಿ ಕೂತ. ನಲವತ್ತು ವರ್ಷದ ಗೆಳೆತನ. ಬಿಯರನ್ನಾದರೂ ಬಿಟ್ಟುಹೋಗಬಹುದಿತ್ತು.

ಟ್ರೂಡಿ ನನ್ನ ಅಂಗಿ ಎಳೆದಳು. "ಓಟಿಸಜ್ಜ, ನಾವ್ ಯಾರ್ ಕಡೆ?"

ಒಬ್ಬ ಅಜ್ಜ ಯೋಚಿಸಿ ಉತ್ತರಿಸಬೇಕಾದ ಪ್ರಶ್ನೆ ಅದು. ನಾನು ಮೋಡ ನೋಡುತ್ತಿದ್ದೆ. "ಈಗ ಔಟಿನ್ ಕಡೆ ಪುಟ್ಟಿ. ಪಟ್ಟೆ ಅಂಗಿಯೋನು ಔಟ್ ಆಗ್ಬೇಕು. ನನ್ ಜೊತೆ ಕೂಗು."

ಅವಳು ಹಾಟ್ ಡಾಗನ್ನು ಬರ್ಟನ ಖಾಲಿ ಜಾಗದ ಮೇಲಿಟ್ಟು, ಎದ್ದು ನಿಂತು, "ಔಟ್ ಆಗು," ಎಂದು ಕಿರುಚಿದಳು. ಆ ದನಿಗೆ ಸಾಸಿವೆ ಸೀಸೆ ಬಿರುಕು ಬಿಟ್ಟಿತು.

ನಾಲ್ಕನೆಯವನು ಔಟಾಗಲಿಲ್ಲ. ಋತುವಿನುದ್ದಕ್ಕೂ ನೊಣ ಹೊಡೆಯದವನು ಅಂದು ಎಡಮೂಲೆಗೆ ಬಾರಿಸಿ ಇಬ್ಬರನ್ನು ಮನೆಗೆ ತಂದ. ಎಂಟು, ಮೂರು. ಊರು ಹುಚ್ಚೆದ್ದು ಕುಣಿಯಿತು. ನಾನು ಮುಖ ಮುಚ್ಚಿಕೊಂಡೆ. ನಲವತ್ತು ವರ್ಷದಲ್ಲಿ ಕೊಕ್ಕರೆಗಳು ಇಂಥ ಆಟ ಆಡಿದ್ದನ್ನು ನಾನು ನೋಡಿರಲಿಲ್ಲ, ಅದನ್ನು ನೋಡಲೂ ನನಗೆ ಪುರುಸೊತ್ತಿರಲಿಲ್ಲ. ಮೊದಲ ಹನಿ ನನ್ನ ಕೈಮೇಲೆ ಬಿತ್ತು, ಅರ್ಧ ಡಾಲರಿನ ನಾಣ್ಯದಷ್ಟಿತ್ತು. ಐದನೆಯವನ ಚೆಂಡು ನೆಲ ಉರುಳಿ ಸಿಕ್ಕಿತು. ಎರಡು ಔಟು.

"ಎರಡು," ಎಂದು ಟ್ರೂಡಿ ಬೆರಳು ತೋರಿಸಿದಳು. ನಮ್ಮ ಕಡೆಗೆ ಕಡಲೆಸಿಪ್ಪೆ ಹಾರಿಬಂದವು. ಯಾರೋ "ಆ ಮುದುಕನ್ನ ಸೇತುವೆ ದಾಟ್ಸ್ರಪ್ಪ," ಎಂದರು. ನಲವತ್ತು ವರ್ಷ ನನ್ನ ಜೊತೆ ಕೂಗಿದ ಗಂಟಲು ಅದು. ಯಾರದೆಂದು ನನಗೆ ಗೊತ್ತು, ಹೆಸರು ಹೇಳುವುದಿಲ್ಲ.

ಆರನೆಯವನೂ ಏಳನೆಯವನೂ ಬೂಟು ಒರೆಸಿಕೊಂಡು, ಮೂಗು ಒರೆಸಿಕೊಂಡು, ಕೊನೆಗೆ ಪುಕ್ಕಟೆ ಬೇಸಿಗೆ ನಡೆದರು. ಮೂರೂ ಬೇಸು ತುಂಬಿದವು. ಮೈದಾನದ ಆಳುಗಳು ಟಾರ್ಪಾಲಿನ ಸುರುಳಿಯ ಮೇಲೆ ಕೈಯಿಟ್ಟು ಅಂಪೈರಿನ ಮುಖ ನೋಡುತ್ತಿದ್ದರು. ಅಂಪೈರು ಆಕಾಶ ನೋಡಿದ, ಒಂದು ಬೆರಳೆತ್ತಿದ: ಇನ್ನೊಬ್ಬ ಬ್ಯಾಟುಗಾರ, ಅಷ್ಟೆ.

ಬಂದವನು ಕಾರ್ಲ್‌ಟನ್.

ನನ್ನ ಮಹಡಿಯ ಮೇಲೆ ಮಲಗುವ ಹುಡುಗ. ಮೂರು ತಿಂಗಳಿಂದ ನನ್ನನ್ನು ಸರ್ ಎಂದು ಕರೆಯುತ್ತ, ಭಾನುವಾರ ನನ್ನ ಮನೆಯ ಹುಲ್ಲು ಕತ್ತರಿಸಿಕೊಡುವವನು. ಎರಡು ಸಲ ಬೀಸಿದ, ಎರಡು ಸಲವೂ ಚೆಂಡು ತಪ್ಪಿತು. ಇನ್ನೊಂದು ತಪ್ಪಿದರೆ ಔಟು. ಆದರೆ ಅವನು ತಪ್ಪುವಂತೆ ಕಾಣಲಿಲ್ಲ. ಒಂದು, ಎರಡು, ಐದು ಚೆಂಡನ್ನು ಗೆರೆಯಾಚೆ ಕಳಿಸುತ್ತಲೇ ಹೋದ. ಹನಿಗಳು ಸೇರಿ ಗೆರೆಗಳಾದವು. ಆಳುಗಳು ಟಾರ್ಪಾಲನ್ನು ಒಂದು ಮಾರು ಉರುಳಿಸಿದರು. ಜನ ಹಲಗೆ ಬಡಿಯುತ್ತಿದ್ದರು. ಇನ್ನೊಂದು ನಿಮಿಷ ಅವನು ಹೀಗೇ ನಿಂತರೆ ಲಾಯ್ಡ್ ಗೆದ್ದ.

ನೀರುನಾಯಿಗಳ ಎಸೆಗಾರ ಕೈ ಹಿಂದಕ್ಕೆಳೆದ. ನಾನು ಎದೆಯಲ್ಲಿದ್ದ ಗಾಳಿಯನ್ನೆಲ್ಲ ಕೂಡಿಸಿ ಕೂಗಿದೆ:

"ಕಾರ್ಲ್‌ಟನ್, ಪ್ಯಾನ್‌ಕೇಕ್ ಆರ್ತಿದೆ."

ಮೂರು ತಿಂಗಳು ಆ ಮಾತಿಗೆ ಹಾಸಿಗೆಯಿಂದ ಹಾರಿ ಬಿದ್ದ ದೇಹ ಅದು. ತಿರುಗಲು ಅದು ಅವನ ಅಪ್ಪಣೆ ಕೇಳಲಿಲ್ಲ. ತಲೆ ಒಂದು ಬೆರಳಗಲ ನನ್ನ ಕಡೆ ವಾಲಿತು, ಅಷ್ಟೆ. ಬ್ಯಾಟು ಚೆಂಡಿನ ಮೇಲಿನಿಂದ ಹಾದುಹೋಯಿತು.

"ಔಟ್," ಎಂದ ಅಂಪೈರು.

"ಔಟ್," ಎಂದಳು ಟ್ರೂಡಿ. ಮೌನವಾಗಿ ಕೂತ ಇಡೀ ಎಡಗಡೆಯಲ್ಲಿ ಕೇಳಿದ್ದು ಅವಳೊಬ್ಬಳ ದನಿ.

ಅಷ್ಟರಲ್ಲಿ ಆಕಾಶದ ತಳ ಕಿತ್ತುಹೋಯಿತು. ನೋಹನ ಕಾಲದ ಮಳೆಗೆ ಅದನ್ನು ಹೋಲಿಸಿದರೆ ನೋಹ ಬೇಸರಪಟ್ಟುಕೊಂಡಾನು. ಮುಕ್ಕಾಲು ಗಂಟೆ ಕಾದು ಅಂಪೈರು ಆಟ ಮುಗಿಯಿತೆಂದು ಸಾರಿದ: ಐದು ಪೂರ್ತಿ ಇನ್ನಿಂಗ್ಸು, ಎಂಟು ಮೂರು, ಗೆದ್ದವರು ಅಡೇರಿನ ನೀರುನಾಯಿಗಳು. ಪಟ್ಟಿಗೆ ಬರೆದಾಯಿತು. ಲಾಯ್ಡನ ಮೊಮ್ಮಗಳ ಮೊದಲ ಆಟವನ್ನು ಇನ್ನು ಯಾವ ದೇವರೂ ಅಳಿಸಲಾರ. ನಾನು ಸೂರಿನ ಕೆಳಗೆ ಒಂದು ಕಾಲಲ್ಲಿ ಕುಣಿದೆ.

"ನಾವ್ ಗೆದ್ವಿ," ಎಂದಳು ಟ್ರೂಡಿ, ತಾನೂ ಕುಣಿಯುತ್ತ.

"ಗೆದ್ವಿ ಪುಟ್ಟಿ."

"ಪಟ್ಟೆ ಅಂಗಿ ಎಲ್ಲಾ ಔಟ್."

ನನ್ನ ಕಾಲು ಕೆಳಗಿಳಿಯಿತು. "ಅಲ್ಲಲ್ಲ, ನಿಲ್ಲು. ಪಟ್ಟೆ ಅಂಗಿ ನಾವು."

"ನೀನೇ ಅಂದೆ, ಪಟ್ಟೆ ಅಂಗಿ ಔಟ್ ಆಗ್ಬೇಕು ಅಂತ."

"ಅದು ಆಗಿನ್ ಮಾತು."

"ನಾವ್ ಬೂದು," ಎಂದಳು. ಎಲ್ಲಿಯೂ ಅನುಮಾನವಿರಲಿಲ್ಲ. ಆಗಲೇ ನೀರುನಾಯಿಗಳ ಹುಡುಗನೊಬ್ಬ ಬಸ್ಸಿನ ಕಡೆ ಓಡುತ್ತ ನಮ್ಮ ಮುಂದೆ ನಿಂತ. ಪರ ಊರಿನಲ್ಲಿ ತಮಗಾಗಿ ಕೂಗಿದ ಒಂದೇ ಒಂದು ಮಗುವನ್ನು ಅವರು ಮೈದಾನದಿಂದಲೇ ಗುರುತಿಟ್ಟುಕೊಂಡಿದ್ದರು. ತೊಯ್ದ ಹಸಿರು ಟೋಪಿಯನ್ನು ತನ್ನ ತಲೆಯಿಂದ ತೆಗೆದು ಅವಳ ಕೈಗಿಟ್ಟು, "ಥ್ಯಾಂಕ್ಸ್ ಪುಟ್ಟಿ, ನಿನ್ನಿಂದ ಗೆದ್ವಿ," ಎಂದ. ಅವಳು ತಲೆಯ ಮೇಲಿದ್ದ ನೀಲಿ ಟೋಪಿಯನ್ನು ತೆಗೆದು ನನಗೆ ಕೊಟ್ಟು, ಹಸಿರನ್ನು ಕಿವಿ ಮುಚ್ಚುವ ತನಕ ಎಳೆದುಕೊಂಡಳು. ಡೀನ್ ಅಂದು ಹಾಗೆಯೇ ಎಳೆದುಕೊಂಡಿದ್ದ.

ಸೇತುವೆಯ ಮೇಲೆ ಕಾರು ನಿಲ್ಲಿಸಿ ಆ ಟೋಪಿಯನ್ನು ನದಿಗೆಸೆಯಲೇ ಎಂದು ಯೋಚಿಸಿದೆ. ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಆಸ್ಪತ್ರೆಯ ಕೋಣೆಯಲ್ಲಿ ಲಾಯ್ಡ್ ದಿಂಬಿಗೊರಗಿ ಕೂತಿದ್ದ. ಪಕ್ಕದಲ್ಲಿ ರೇಡಿಯೊ, ಲೋರ್ನಾ; ಕಿಟಕಿಯ ಹತ್ತಿರ ಡೀನ್. ನಾನು ಒಳಗೆ ಹೋಗುವ ಮೊದಲೇ ಟ್ರೂಡಿ ಓಡಿದಳು.

"ತಾತ, ನಾನು ಆಟಕ್ ಹೋಗಿದ್ದೆ."

ಲಾಯ್ಡನ ಮುಖದ ರಕ್ತ ಇಳಿಯಿತು. ನಾನು ಇಪ್ಪತ್ತಾರು ವರ್ಷ ಕಾದ ಕ್ಷಣ ಅದು, ಬಾಗಿಲಲ್ಲೇ ನಿಂತು ಪೂರ್ತಿ ಸವಿದೆ. ಅದು ಒಂದು ಉಸಿರಿನಷ್ಟು ಹೊತ್ತಿತ್ತು. ಆಮೇಲೆ ಅವನು ಟೋಪಿ ನೋಡಿದ.

"ಎಡಗಡೆ ಕೂತು ನಮ್ಮೋರ್ ಪರ ಕೂಗ್ತಿದ್ದ ಹುಚ್ಚ," ಎಂದ ನಿಧಾನವಾಗಿ. "ರೇಡಿಯೋದವ್ನು ಹತ್ ಸಲ ಹೇಳ್ದ. ಭಾವಾ, ಅದು ನೀನಾ?"

ನಾನು ಹವಾಮಾನದ ಬಗ್ಗೆ ಏನೋ ಹೇಳಿದೆ.

ಲಾಯ್ಡ್ ನಗತೊಡಗಿದ. ಹೊಟ್ಟೆ ಹಿಡಿದುಕೊಂಡು, ಅಯ್ಯೋ ಹೊಲಿಗೆ ಎನ್ನುತ್ತ, ಮತ್ತೆ ನಗುತ್ತ. "ಕೊಕ್ಕರೆ ಮನೆ ಯಜಮಾನ. ನನ್ ಮೊಮ್ಮಗಳನ್ನ ಕದ್ಕೊಂಡ್ ಹೋಗಿ, ನನ್ ಟೋಪಿ ಹಾಕ್ಸಿ, ನನ್ ಮನೆಗೇ ತಂದ್ ಬಿಟ್ಟ. ಅಯ್ಯಯ್ಯೋ, ನರ್ಸಮ್ಮನ್ನ ಕರೀರಿ." ನರ್ಸು ಓಡಿಬಂದಳು. ಅಡೇರಿನ ಹೆಂಗಸು, ಟೋಪಿ ಕಂಡು ಅವಳ ಮುಖ ಅರಳಿತು.

"ಅರೆ, ನಮ್ ನೀರುನಾಯಿ ಮರಿ. ಮೊದಲ್ನೇ ಆಟಕ್ಕೆ ಯಾರ್ ಕರ್ಕೊಂಡ್ ಹೋದ್ರು ಕಂದ?"

"ಓಟಿಸಜ್ಜ."

"ಕೂಗೋದ್ ಯಾರ್ ಹೇಳ್ಕೊಟ್ರು?"

"ಓಟಿಸಜ್ಜ."

ಲಾಯ್ಡನ ನಗು ನಡುವೆ ನಿಂತಿತು. ಲೆಕ್ಕ ಅವನಿಗೂ ಈಗ ಗೊತ್ತಾಗುತ್ತಿತ್ತು, ನನಗೂ. ಈ ಹುಡುಗಿ ಎಂಬತ್ತು ವರ್ಷ ಬದುಕುತ್ತಾಳೆ. ಎಂಬತ್ತು ವರ್ಷ ಆ ಹಸಿರು ಟೋಪಿ ನೋಡಿದವರೆಲ್ಲ ಇದೇ ಪ್ರಶ್ನೆ ಕೇಳುತ್ತಾರೆ. ಎಂಬತ್ತು ವರ್ಷ ಇದೇ ಉತ್ತರ ಬರುತ್ತದೆ. ಲಾಯ್ಡನ ಹೆಸರು ಒಂದು ಸಲವೂ ಬರುವುದಿಲ್ಲ.

"ಅದ್ ಲೆಕ್ಕಕ್ಕಿಲ್ಲ," ಎಂದ ಲಾಯ್ಡ್. "ಮಳೆ ಬಂತಲ್ಲ. ಮಳೆ ಆಟ ಆಟ ಅಲ್ಲ. ಆಗಸ್ಟ್ ಭಾನುವಾರದ್ದೇ ಮೊದಲ್ನೇದು. ಡೀನ್, ನೀನೇ ಹೇಳಪ್ಪ."

ಡೀನ್ ಕಿಟಕಿಯಿಂದ ತಿರುಗಿದ. ಅಂಗಡಿಯಲ್ಲಿ ಲಾಯ್ಡನ ಕೈಕೆಳಗೆ ಹದಿನಾಲ್ಕು ವರ್ಷ ದುಡಿದವನು. ನನ್ನ ಮುಖ ನೋಡಿದ, ಬಹಳ ಹೊತ್ತು ನೋಡಿದ.

"ಐದ್ ಇನ್ನಿಂಗ್ಸ್ ಪೂರ್ತಿ ಆಗಿದೆ ಮಾವ," ಎಂದ. "ಪಟ್ಟೀಲಿದೆ. ಅಪ್ಪ ಕರ್ಕೊಂಡ್ ಹೋಗಿದ್ದೇ ಮೊದಲ್ನೇದು."

೧೯೫೮ರ ನಂತರ ಅವನು ನನ್ನ ಪರವಾಗಿ ಆಡಿದ ಮಾತು ಅದೊಂದೇ. ನಾನು ಮೂಗು ಒರೆಸಿಕೊಂಡೆ. ಮಳೆಯಲ್ಲಿ ನೆನೆದು ಶೀತವಾಗಿತ್ತು.

ಲಾಯ್ಡ್ ಹೊದಿಕೆಯನ್ನು ಗದ್ದದ ತನಕ ಎಳೆದುಕೊಂಡ. "ಭಾನುವಾರ ನಾನೇ ಕರ್ಕೊಂಡ್ ಹೋಗೋದು," ಎಂದ ಗೋಡೆಗೆ. "ಗಾಲಿ ಕುರ್ಚೀಲಾದ್ರೂ ಸರಿ. ನಾನು, ಟ್ರೂಡಿ, ಇಬ್ಬರೇ. ಮುಂದಿನ್ ಸಾಲು."

"ಓಟಿಸಜ್ಜನೂ ಬರ್ಬೇಕು," ಎಂದಳು ಟ್ರೂಡಿ.

"ಅವನ್ಯಾಕಮ್ಮ?"

"ನಿಂಗೆ ಕೂಗಕ್ ಬರಲ್ಲ ತಾತ. ನೀನ್ ಕೂಗಿದ್ರೆ ಹೊಲಿಗೆ ಬಿಚ್ಕೊಳುತ್ತೆ. ಓಟಿಸಜ್ಜ ಕೂಗಿದ್ರೆ ಔಟ್ ಆಗ್ತಾರೆ."

ಲಾಯ್ಡ್ ನನ್ನ ಕಡೆ ನೋಡಿದ. ನಾನು ಬರುವುದಿಲ್ಲ ಎನ್ನಲಿ ಎಂದು ಅವನ ಕಣ್ಣು ಬೇಡಿಕೊಳ್ಳುತ್ತಿತ್ತು. ಡೀನ್ ಒಬ್ಬನನ್ನು ಬಿಟ್ಟರೆ ಕೀಲರಿನ ಕ್ರೆಬ್ಸ್ ಮನೆತನದವರು ನಾಲ್ಕು ತಲೆಮಾರಿನಿಂದ ನೀರುನಾಯಿಗಳ ಮೈದಾನದ ಬಾಗಿಲು ತುಳಿದವರಲ್ಲ.

"ಎಷ್ಟ್ ಹೊತ್ತಿಗೆ ಬರ್ಲಿ?" ಎಂದೆ.

ಹೋದೆ. ವಾರವಿಡೀ ಕಾರ್ಲ್‌ಟನ್ ನನ್ನ ಜೊತೆ ಮಾತಾಡಿರಲಿಲ್ಲ, ಬರ್ಟ್ ಫೋನು ಎತ್ತಿರಲಿಲ್ಲ, ವಿಲ್ಮಾ ನನ್ನ ತಟ್ಟೆಯನ್ನು ಮೇಜಿನ ಮೇಲೆ ಇಡುತ್ತಿರಲಿಲ್ಲ, ಎಸೆಯುತ್ತಿದ್ದಳು. ಆದರೂ ಹೋದೆ. ಮುಂದಿನ ಸಾಲಿನಲ್ಲಿ ಗಾಲಿ ಕುರ್ಚಿಯಲ್ಲಿ ಲಾಯ್ಡ್, ನಡುವೆ ಟ್ರೂಡಿ, ಈಚೆಗೆ ಶತ್ರುಗಳ ಹಲಗೆಯ ಮೇಲೆ ನಾನು. ಹಿಂದಿನ ಸಾಲಿನವರು ಒಬ್ಬೊಬ್ಬರೇ ಬಗ್ಗಿ, ಮೊದಲ ಆಟಕ್ಕೆ ಯಾರು ಕರೆದೊಯ್ದರು ಪುಟ್ಟಿ ಎಂದು ಕೇಳಿದರು. ಅವಳು ಪ್ರತಿ ಸಲವೂ ನನ್ನ ಕಡೆಗೆ ಬೆರಳು ತೋರಿಸಿದಳು. ಆಟ ಯಾರು ಗೆದ್ದರೆಂದು ನನ್ನನ್ನು ಕೇಳಬೇಡಿ. ನಾನು ಒಂಬತ್ತು ಇನ್ನಿಂಗ್ಸೂ ಲಾಯ್ಡನ ಮುಖವನ್ನೇ ನೋಡುತ್ತಿದ್ದೆ.